ದೋಷ ಹೇಳುತ್ತೆ, ಪರಿಹಾರ ಹೇಳಲ್ಲ

ಕಳೆದ ಭಾನುವಾರ ಅಂಗಡಿ ಶಟರ್ ಅರ್ಧ ಎಳೆದುಕೊಂಡು, ನನ್ನದೇ ಕಂಪ್ಯೂಟರನ್ನು ನಾನೇ ಬೇಕಂತಲೇ ಕೆಡವಿದೆ. ಒಂದು ಸಲ ಅಲ್ಲ, ನಾಲ್ಕು ಸಲ. ಎದುರುಗಡೆ ಹೂ ಮಾರುವ ಅಮ್ಮ ಶಟರ್ ಕೆಳಗಿಂದ ಬಗ್ಗಿ ನೋಡಿ, "ಏನವ್ವಾ, ಭಾನುವಾರನೂ ಕೆಲಸನಾ?" ಅಂದರು. "ಕೆಲಸ ಅಲ್ಲಮ್ಮಾ, ಹಾಳು ಮಾಡ್ತಾ ಇದ್ದೀನಿ" ಅಂದೆ. ಅವರು ನಗಲಿಲ್ಲ. ಒಂದು ಮೊಳ ಕನಕಾಂಬರ ಕೊಟ್ಟು ಹೋದರು, ದುಡ್ಡು ಆಮೇಲೆ ಕೊಡು ಅಂತ.

ನನ್ನದು ಅರಸೀಕೆರೆಯಲ್ಲಿ ಡಿಟಿಪಿ, ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿಯ ಅಂಗಡಿ. 2003ರಿಂದ ನಡೆಸುತ್ತಿದ್ದೇನೆ. ಬೋರ್ಡಿನಲ್ಲಿ ಬರೆದಿಲ್ಲ, ಆದರೆ ಇನ್ನೊಂದು ಕೆಲಸವೂ ಇದೆ: ಜನ ತಮ್ಮ ಮನೆ ಕಂಪ್ಯೂಟರಿನ ಪರದೆಯ ಫೋಟೋ ತೆಗೆದುಕೊಂಡು ಬಂದು "ಅಕ್ಕಾ, ಇದೇನು ಬಂದಿದೆ ನೋಡಿ" ಅಂತಾರೆ. ಅದನ್ನು ಓದಿ ಹೇಳಬೇಕು. ಅದಕ್ಕೆ ನಾನು ದುಡ್ಡು ತಗೊಳ್ಳಲ್ಲ. ಜೆರಾಕ್ಸಿಗೆ ಎರಡು ರೂಪಾಯಿ ಕೊಡಲು ಚೌಕಾಸಿ ಮಾಡುವವರ ಹತ್ತಿರ ಓದಿ ಹೇಳಿದ್ದಕ್ಕೆ ಏನಂತ ಕೇಳೋದು?

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಅಲ್ಲಿಂದ ಊರಿನವರೆಲ್ಲ ಒಬ್ಬೊಬ್ಬರಾಗಿ 11ಕ್ಕೆ ಹೋಗುತ್ತಿದ್ದಾರೆ. "ಅದರಲ್ಲಿ ನೀಲಿ ಪರದೆ ಬರೋದೇ ಇಲ್ವಂತೆ, ಹೌದಾ?" ಅಂತ ಕೇಳುವವರು ಜಾಸ್ತಿ ಆದರು. ಹಾಗಾಗಿ ಈ ವಿಮರ್ಶೆ. ಲ್ಯಾಪ್‌ಟಾಪಿನದಲ್ಲ, ಮೊಬೈಲಿನದಲ್ಲ. ಕಂಪ್ಯೂಟರ್ ಕೈಕೊಟ್ಟಾಗ ಪರದೆ ಮೇಲೆ ಬರುತ್ತವಲ್ಲ ನಾಲ್ಕು ಸಾಲು, ಅವುಗಳದ್ದು.

ಮೊದಲು ಆ ಕಪ್ಪು ಪರದೆ. ಹೌದು, ವಿಂಡೋಸ್ ಪೂರ್ತಿ ಬಿದ್ದಾಗ ಬರುತ್ತಿದ್ದ ನೀಲಿ ಹೋಗಿ ಕಪ್ಪು ಬಂದಿದೆ. 2025ರಲ್ಲಿ ವಿಂಡೋಸ್ 11ಕ್ಕೆ ಕೊಟ್ಟ ಬದಲಾವಣೆ. ನೋಡಬೇಕು ಅಂದರೆ ಕಂಪ್ಯೂಟರ್ ಕೆಡುವ ತನಕ ಕಾಯಬೇಕಾಗಿಲ್ಲ. ಬೇಕಂತಲೇ ಬೀಳಿಸಲು ಮೈಕ್ರೋಸಾಫ್ಟಿನವರೇ ಒಂದು ದಾರಿ ಇಟ್ಟಿದ್ದಾರೆ, ಡ್ರೈವರ್ (ಪ್ರಿಂಟರ್, ಕೀಬೋರ್ಡಿನಂಥವನ್ನು ನಡೆಸುವ ಸಾಫ್ಟ್‌ವೇರ್) ಬರೆಯುವವರ ಪರೀಕ್ಷೆಗೆ. ರಿಜಿಸ್ಟ್ರಿ ಅಂತ ವಿಂಡೋಸಿನ ಸೆಟ್ಟಿಂಗುಗಳ ಪಟ್ಟಿ ಇದೆ, ಅದರಲ್ಲಿ ಕೀಬೋರ್ಡಿನ ಜಾಗಕ್ಕೆ ಹೋಗಿ 'ಕ್ರ್ಯಾಶ್ ಆನ್ ಕಂಟ್ರೋಲ್ ಸ್ಕ್ರೋಲ್' ಅಂತ ಒಂದು ಸಾಲು ಸೇರಿಸಿ, ಅದಕ್ಕೆ 1 ಕೊಟ್ಟು, ಒಮ್ಮೆ ಆಫ್ ಮಾಡಿ ಆನ್ ಮಾಡಬೇಕು. ಆಮೇಲೆ ಬಲಗಡೆಯ ಕಂಟ್ರೋಲ್ ಕೀ ಹಿಡಿದುಕೊಂಡು ಸ್ಕ್ರೋಲ್ ಲಾಕ್ ಎರಡು ಸಲ ಒತ್ತಿದರೆ ಆಯಿತು, ಧಡಾರ್. ಇಪ್ಪತ್ತು ವರ್ಷದಿಂದ ಕೀಬೋರ್ಡಿನ ಮೂಲೆಯಲ್ಲಿ ಸುಮ್ಮನೆ ಕೂತಿದ್ದ ಸ್ಕ್ರೋಲ್ ಲಾಕನ್ನು ಒಂದು ಕೆಲಸಕ್ಕೆ ಅಂತ ಒತ್ತಿದ್ದು ಇದೇ ಮೊದಲು. ಮುಖ್ಯವಾದ ಫೈಲ್ ಇರುವ ಯಂತ್ರದಲ್ಲಿ ನೀವು ಈ ಆಟ ಆಡಬೇಡಿ. ನಾನು ಆಡಿದ್ದು ಖಾಲಿ ಡಬ್ಬದಲ್ಲಿ.

ಏನು ಬಂತು? ಪೂರ್ತಿ ಕಪ್ಪು. ನಡುವೆ ಬಿಳಿ ಅಕ್ಷರದಲ್ಲಿ ಇಂಗ್ಲಿಷಿನ ಒಂದು ವಾಕ್ಯ: ನಿಮ್ಮ ಯಂತ್ರಕ್ಕೆ ಏನೋ ತೊಂದರೆ ಆಗಿದೆ, ರೀಸ್ಟಾರ್ಟ್ ಆಗಬೇಕು ಅಂತ. ಅದರ ಕೆಳಗೆ ಇಷ್ಟು ಪರ್ಸೆಂಟ್ ಮುಗಿದಿದೆ ಅನ್ನುವ ಲೆಕ್ಕ. ಇನ್ನೂ ಕೆಳಗೆ ಸಣ್ಣದಾಗಿ ಸ್ಟಾಪ್ ಕೋಡ್, ಅಂದರೆ ಯಾಕೆ ಬಿತ್ತು ಅನ್ನುವ ಗುರುತು. ನನ್ನದು ಬೇಕಂತ ಬೀಳಿಸಿದ್ದಲ್ಲವಾ, 'ಮ್ಯಾನ್ಯುವಲಿ ಇನಿಶಿಯೇಟೆಡ್ ಕ್ರ್ಯಾಶ್' ಅಂತ ಪ್ರಾಮಾಣಿಕವಾಗಿ ನನ್ನ ಮೇಲೇ ಹಾಕಿತು. ಯಾವುದಾದರೂ ಡ್ರೈವರ್‌ನಿಂದ ಬಿದ್ದಿದ್ದರೆ ಆ ಫೈಲಿನ ಹೆಸರೂ ಅಲ್ಲೇ ಬರುತ್ತದೆ.

ಹಳೆಯ ಪರದೆಯಲ್ಲಿದ್ದ ಸಪ್ಪೆ ಮೋರೆ ಇಲ್ಲ. 2012ರಲ್ಲಿ ವಿಂಡೋಸ್ 8 ಜೊತೆ ಬಂದಿತ್ತಲ್ಲ, ಎರಡು ಚುಕ್ಕೆ ಒಂದು ಕಂಸ ಸೇರಿದ ಅಳುಮುಖ, ಅದು. ನನಗಂತೂ ಅದು ಹೋಗಿದ್ದು ಖುಷಿ. ಎರಡು ತಾಸು ಕೂತು ಮದುವೆ ಕಾರ್ಡು ಮಾಡಿರುತ್ತೇವೆ, ಸೇವ್ ಮಾಡಿರಲ್ಲ, ಅದು ಹೋದಾಗ ಅಳಬೇಕಾದವರು ನಾವು. ಇದ್ಯಾಕೆ ಅಳೋದು? 2016ರಲ್ಲಿ ಸೇರಿಸಿದ್ದ ಕ್ಯೂಆರ್ ಕೋಡನ್ನೂ ತೆಗೆದಿದ್ದಾರೆ. ಅದರಿಂದಲೂ ನಷ್ಟವಿಲ್ಲ. ಅದನ್ನು ಸ್ಕ್ಯಾನ್ ಮಾಡಿದರೆ ಎಲ್ಲರಿಗೂ ಒಂದೇ ಸಾಮಾನ್ಯ ಸಹಾಯದ ಪುಟ ತೆರೆಯುತ್ತಿತ್ತು. ಡಾಕ್ಟರ ಹತ್ತಿರ ಹೊಟ್ಟೆನೋವು ಅಂತ ಹೋದರೆ "ಆರೋಗ್ಯ ಕಾಪಾಡಿಕೊಳ್ಳಿ" ಅಂತ ಪಾಂಪ್ಲೆಟ್ ಕೊಟ್ಟ ಹಾಗೆ.

ಪರದೆ ಚೊಕ್ಕಟವಾಗಿದೆ, ಒಪ್ಪುತ್ತೇನೆ. ತೊಂದರೆ ಇರುವುದು ಬೇರೆ ಕಡೆ. ಇದನ್ನು ತರುವಾಗ ಅವರು ಹೆಮ್ಮೆಯಿಂದ ಹೇಳಿಕೊಂಡಿದ್ದು: ಹೆಚ್ಚಿನವರಿಗೆ ಈ ಪರದೆ ಸುಮಾರು 2 ಸೆಕೆಂಡಷ್ಟೇ ಕಾಣುತ್ತದೆ, ಬೇಗ ಕಂಪ್ಯೂಟರ್ ಮತ್ತೆ ಶುರುವಾಗುತ್ತದೆ ಅಂತ. ದೊಡ್ಡ ಆಫೀಸಿನವರಿಗೆ ಅದು ಒಳ್ಳೆಯ ಸುದ್ದಿ ಇರಬಹುದು. ನಮ್ಮ ಕಡೆ ನೋಡಿ. ಎರಡು ಸೆಕೆಂಡ್ ಪರದೆ ಕಪ್ಪಾಗಿ, ಮತ್ತೆ ಕಂಪ್ಯೂಟರ್ ಆನ್ ಆದರೆ ಜನ ಏನಂತಾರೆ? ಕರೆಂಟ್ ಹೋಗಿ ಬಂತು ಅಂತಾರೆ, ಅಷ್ಟೇ. ಯುಪಿಎಸ್ ಬ್ಯಾಟರಿ ಬದಲಿಸುತ್ತಾರೆ. ನೀಲಿ ಇದ್ದಾಗ ಅದು ಕೆಟ್ಟಿದೆ ಅನ್ನುವುದಾದರೂ ಬೀದಿಯಿಂದಲೇ ಗೊತ್ತಾಗುತ್ತಿತ್ತು. ಫೋಟೋ ಹೊಡೆಯಲೂ ಪುರುಸೊತ್ತು ಇರುತ್ತಿತ್ತು. ಈಗ ಜೇಬಿನಿಂದ ಫೋನ್ ತೆಗೆದು ಲಾಕ್ ಬಿಡಿಸುವಷ್ಟರಲ್ಲಿ ಎಲ್ಲ ಮಾಯ. ನನ್ನ ನಾಲ್ಕು ಪ್ರಯತ್ನದಲ್ಲಿ ಒಂದು ಫೋಟೋ ನೆಟ್ಟಗೆ ಬಂತು, ಅದೂ ನಾನು ಕ್ಯಾಮೆರಾ ಹಿಡಿದು ಕಾದು ಕೂತಿದ್ದಕ್ಕೆ.

ಸರಿ, ಬೇಗ ಎದ್ದೇಳಲಿ. ಎದ್ದ ಮೇಲೆ ಒಂದು ಮಾತು ಹೇಳಬಹುದಿತ್ತಲ್ಲ? "ಹನ್ನೊಂದೂ ಇಪ್ಪತ್ತಕ್ಕೆ ನಾನು ಬಿದ್ದೆ. ಪ್ರಿಂಟರ್ ಡ್ರೈವರ್‌ನಿಂದ ಆಗಿರಬಹುದು. ನೀವು ಸೇವ್ ಮಾಡಿದ್ದು ಹಾಗೇ ಇದೆ, ಸೇವ್ ಮಾಡದೆ ಇದ್ದಿದ್ದು ಇಷ್ಟು ಹೋಗಿದೆ." ನನ್ನ ಯಂತ್ರ ನಾಲ್ಕು ಸಲವೂ ಏನೂ ಆಗಿಲ್ಲದ ಹಾಗೆ ಎದ್ದು, ಹೊಸ ವಾಲ್‌ಪೇಪರ್ ತೋರಿಸಿಕೊಂಡು ಕೂತಿತು. ರಾತ್ರಿ ಕುಡಿದು ಗಲಾಟೆ ಮಾಡಿ ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಕೂರುವವರನ್ನು ನೋಡಿದ್ದೀರಲ್ಲ, ಹಾಗೆ. ಹುಡುಕಿದರೆ ವಿವರ ಸಿಗುತ್ತದೆ. ಸ್ಟಾರ್ಟ್‌ನಲ್ಲಿ 'ರಿಲಯಬಿಲಿಟಿ' ಅಂತ ಟೈಪ್ ಮಾಡಿ. ದಿನದಿನದ ಪಟ್ಟಿ ತೆರೆಯುತ್ತದೆ, ಬಿದ್ದ ದಿನಕ್ಕೆ ಕೆಂಪು ಗುರುತು ಇರುತ್ತದೆ. ವಿಸ್ಟಾ ಕಾಲದಿಂದ ಇದೆ, ಚೆನ್ನಾಗಿಯೂ ಇದೆ. ಆದರೆ ಅದು ಅಲ್ಲಿದೆ ಅಂತ ಗೊತ್ತಿರುವವರು ನಮ್ಮಂಥವರು ಮಾತ್ರ. ಕಪ್ಪು ಪರದೆಗೆ ನನ್ನ ಅಂಕ ಹತ್ತಕ್ಕೆ ಐದು.

ಇಷ್ಟೆಲ್ಲ ಬದಲಾಯಿಸುವ ಮಾತು ಜೋರಾಗಿದ್ದು 2024ರ ಜುಲೈ 19ರ ನಂತರ. ಅವತ್ತು ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳಿಸಿದ ಒಂದು ತಪ್ಪು ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿಯಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಪೆನ್ನಿನಲ್ಲಿ ಬರೆದು ಕೊಟ್ಟರು, ಫೋಟೋ ಎಲ್ಲ ಕಡೆ ಓಡಾಡಿತ್ತು. ನನ್ನ ಅಂಗಡಿಗೆ ಏನೂ ಆಗಲಿಲ್ಲ, ಅಂಥ ದುಬಾರಿ ಸಾಫ್ಟ್‌ವೇರ್ ನಮ್ಮ ಹತ್ತಿರ ಎಲ್ಲಿಂದ ಬರಬೇಕು? ಟೀವಿಯಲ್ಲಿ ಆ ಪರದೆಗಳನ್ನು ನೋಡುತ್ತಾ ಕೂತಿದ್ದೆ. ಕೆಳಗೆ ಸಣ್ಣ ಅಕ್ಷರದಲ್ಲಿ 'ವಾಟ್ ಫೇಲ್ಡ್: ಸಿಎಸ್ ಏಜೆಂಟ್ ಡಾಟ್ ಸಿಸ್' ಅಂತ ಇತ್ತು. ಅಂದರೆ ಯಾರು ಕಾರಣ ಅನ್ನುವುದು ಪ್ರತಿ ಪರದೆಯ ಮೇಲೂ ಬರೆದಿತ್ತು! ಆದರೆ ಫೈಲಿನ ಹೆಸರಲ್ಲಿ. ಅದನ್ನು ನೋಡಿ ಕ್ರೌಡ್‌ಸ್ಟ್ರೈಕ್ ಅಂತ ಯಾರಿಗೆ ಹೊಳೀಬೇಕು? ಲೋಕವೆಲ್ಲ ಮೈಕ್ರೋಸಾಫ್ಟನ್ನು ಬೈದುಕೊಂಡಿತು. ಸ್ಪಷ್ಟವಾಗಿ ಬರೆಯದೆ ಇದ್ದರೆ ಬರೆದವರಿಗೇ ಏಟು ಬೀಳುತ್ತೆ ಅನ್ನುವುದಕ್ಕೆ ನಾನು ಈಗಲೂ ಹುಡುಗರಿಗೆ ಕೊಡುವ ಉದಾಹರಣೆ ಇದು.

ಹಳೆಯ ಕಾಲ ಇದಕ್ಕಿಂತ ಕೆಟ್ಟದಿತ್ತು, ಅದನ್ನೂ ಹೇಳಬೇಕು. ವಿಂಡೋಸ್ 95, 98ರಲ್ಲಿ ಪ್ರೋಗ್ರಾಂ ತಪ್ಪಿ ಬಿದ್ದರೆ 'ಇಲ್ಲೀಗಲ್ ಆಪರೇಷನ್' ಮಾಡಿದೆ, ಮುಚ್ಚುತ್ತೇವೆ ಅಂತ ಬರುತ್ತಿತ್ತು. ಪ್ರೊಸೆಸರ್‌ಗೆ ಅರ್ಥವಾಗದ ಅಥವಾ ಮಾಡಬಾರದ ಆಜ್ಞೆ ಅಂತ ಅದರ ಅರ್ಥ. ಆದರೆ ಇಲ್ಲೀಗಲ್ ಅಂದ ತಕ್ಷಣ ನಮ್ಮ ಕಡೆ ನೆನಪಾಗುವುದು ರಾತ್ರಿ ಓಡುವ ಮರಳು ಲಾರಿ. ಕಂಪ್ಯೂಟರ್ ಕಲಿಯಲು ಬಂದ ಹುಡುಗಿ ಅದನ್ನು ಓದಿ ಕೈ ಹಿಂದಕ್ಕೆ ಎಳೆದುಕೊಳ್ಳದೆ ಇನ್ನೇನು ಮಾಡುತ್ತಾಳೆ? ಇನ್ನು ಕೀಬೋರ್ಡ್ ಸಿಗುತ್ತಿಲ್ಲ, ಮುಂದುವರಿಯಲು ಎಫ್1 ಒತ್ತಿ ಅನ್ನುವ ಹಳೆಯ ಯಂತ್ರಗಳ ಜೋಕು ನಿಮಗೆ ಗೊತ್ತೇ ಇದೆ.

ಈಗ ತಪ್ಪಿನ ಸಂದೇಶದ ಜೊತೆ ಬರುವ ನಂಬರುಗಳ ವಿಷಯ. 0ಎಕ್ಸ್80070005 ಥರದ್ದು. ಇದನ್ನು ಕಂಡರೆ ಜನ ಲಾಟರಿ ನಂಬರ್ ಅಂದುಕೊಳ್ಳುತ್ತಾರೆ. ನನಗೆ ಇದರ ಮೇಲೆ ಪ್ರೀತಿ ಇದೆ, ಯಾಕೆಂದರೆ ಬಿಡಿಸಿ ಓದಿದರೆ ಪೂರ್ತಿ ಅರ್ಥ ಇದೆ. ಮೊದಲ 8 ಅಂದರೆ ಕೆಲಸ ಆಗಲಿಲ್ಲ ಅಂತ. ಆಮೇಲಿನ 007 ಅಂದರೆ ವಿಂಡೋಸಿನ ಮಾಮೂಲಿ ಪಟ್ಟಿಯಿಂದ ಬಂದ ತಪ್ಪು ಇದು ಅಂತ. ಕೊನೆಯ ನಾಲ್ಕು ಅಂಕಿ ಆ ಪಟ್ಟಿಯ ಕ್ರಮಸಂಖ್ಯೆ, ಹದಿನಾರರ ಲೆಕ್ಕದಲ್ಲಿ. 0005 ಬಂದರೆ ನಿಮಗೆ ಅನುಮತಿ ಇಲ್ಲ. 0020 ಬಂದರೆ ಆ ಫೈಲು ಇನ್ನೊಂದು ಪ್ರೋಗ್ರಾಮಿನ ಕೈಯಲ್ಲಿ ತೆರೆದಿದೆ. 0070 ಬಂದರೆ ಡಿಸ್ಕಿನಲ್ಲಿ ಜಾಗ ಇಲ್ಲ.

ನೋಡಿ, ಜಾಗ ಇಲ್ಲ. ಎರಡೇ ಪದ. ನಮ್ಮ ಬಸ್ಸಿನ ಕಂಡಕ್ಟರ್ ದಿನಕ್ಕೆ ಐವತ್ತು ಸಲ ಹೇಳುವ ಮಾತು. ಅದನ್ನು ಎಂಟಂಕಿ ಮಾಡಿ ಕೊಡುವ ಅಗತ್ಯ ಏನಿತ್ತು?

ಹಾಗಂತ ನಂಬರ್ ಬೇಡ ಅಂತ ನಾನು ಹೇಳಲ್ಲ. ನಂಬರ್ ಇದ್ದರೆ ಹುಡುಕಿ ಪರಿಹಾರ ತೆಗೆಯಲು ನನಗೆ ಸುಲಭ. ನಮ್ಮೂರು ಜಂಕ್ಷನ್ ಅಲ್ಲವಾ, ಸ್ಟೇಷನ್ನಿನ ಮೈಕಿನ ಕೂಗು ಕೇಳಿಕೊಂಡೇ ಬೆಳೆದವರು ನಾವು. ಅಲ್ಲಿ ಮೊದಲು ಗಾಡಿ ಸಂಖ್ಯೆ ಹೇಳುತ್ತಾರೆ. ಆಮೇಲೆ ಗಾಡಿ ಹೆಸರು, ಎಲ್ಲಿಂದ ಎಲ್ಲಿಗೆ, ಯಾವ ಪ್ಲಾಟ್‌ಫಾರಂ. ಬರೀ ಸಂಖ್ಯೆ ಕೂಗಿ ಮೈಕ್ ಆಫ್ ಮಾಡಿದರೆ ಜನ ಹುಚ್ಚೆದ್ದು ಹಳಿ ದಾಟುತ್ತಾರೆ. ಕಂಪ್ಯೂಟರಿನವರು ಎಷ್ಟೋ ಸಲ ಮಾಡುವುದು ಅದನ್ನೇ.

ಅವರಿಗೆ ಗೊತ್ತಿಲ್ಲ ಅಂತಲೂ ಅಲ್ಲ. ಜನರಿಗೆ ಬಳಸಲು ಸುಲಭವಾಗುವ ಹಾಗೆ ಸಾಫ್ಟ್‌ವೇರ್ ಹೇಗಿರಬೇಕು ಅಂತ ಜೇಕಬ್ ನೀಲ್ಸನ್ ಅನ್ನುವ ತಜ್ಞರು 1994ರಲ್ಲೇ ಹತ್ತು ಸೂತ್ರ ಬರೆದಿಟ್ಟಿದ್ದಾರೆ. ಒಂಬತ್ತನೆಯದು ಇದೇ: ತಪ್ಪಿನ ಸಂದೇಶ ಸರಳ ಮಾತಿನಲ್ಲಿರಬೇಕು, ಬರೀ ಕೋಡ್ ಆಗಿರಬಾರದು, ಏನು ತೊಂದರೆ ಅಂತ ಖಚಿತವಾಗಿ ಹೇಳಬೇಕು, ಮುಂದೇನು ಅಂತ ದಾರಿ ತೋರಿಸಬೇಕು. ಮೈಕ್ರೋಸಾಫ್ಟಿನ ಸ್ವಂತ ಕೈಪಿಡಿಯಲ್ಲೂ ಅದೇ ಇದೆ: ಏನಾಯಿತು, ಯಾಕಾಯಿತು, ಏನು ಮಾಡಬೇಕು. ಈ ಪಟ್ಟಿಗೆ ನನ್ನ ಅಂಗಡಿ ಅನುಭವದಿಂದ ಒಂದು ಸೇರಿಸುತ್ತೇನೆ, ಅದೂ ಮೊಟ್ಟಮೊದಲ ಸಾಲಿನಲ್ಲಿ. ನನ್ನದು ಹೋಯ್ತಾ, ಇದೆಯಾ? ಫೋಟೋ ಹಿಡಿದುಕೊಂಡು ಬರುವ ಯಾರೂ "ಯಾಕೆ ಹೀಗಾಯ್ತು" ಅಂತ ಮೊದಲು ಕೇಳಿಲ್ಲ. "ಅಕ್ಕಾ, ಫೋಟೋಗಳೆಲ್ಲ ಹೋಯ್ತಾ?" ಅಂತಲೇ ಕೇಳುತ್ತಾರೆ.

ಇದನ್ನು ನನಗೆ ಸರಿಯಾಗಿ ಕಲಿಸಿದ್ದು ಒಬ್ಬರು ಮೇಷ್ಟ್ರು. ರಿಟೈರ್ಡ್ ಕನ್ನಡ ಮೇಷ್ಟ್ರು, ತಮ್ಮ ಊರಿನ ದೇವಸ್ಥಾನದ ಚರಿತ್ರೆ ಬರೆದಿದ್ದರು. ಎರಡು ವರ್ಷ ಕೂತು, ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ, ಒಂದೇ ಬೆರಳಿನಲ್ಲಿ ಕುಟ್ಟಿದ್ದು. ಜಾತ್ರೆಗೆ ಮೊದಲು ಪುಸ್ತಕ ಆಗಬೇಕಿತ್ತು. ಎಲ್ಲ ಇದ್ದಿದ್ದು ಒಂದು 16 ಜಿಬಿ ಪೆನ್‌ಡ್ರೈವಿನಲ್ಲಿ, ಜನಿವಾರದ ಥರ ಒಂದು ದಾರಕ್ಕೆ ಕಟ್ಟಿ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದರು.

ಒಂದು ದಿನ ಬೆಳಿಗ್ಗೆ ಬಂದವರೇ ಸ್ಟೂಲ್ ಮೇಲೆ ಕೂತರು. ಮಾತಿಲ್ಲ.

"ಏನಾಯ್ತು ಮೇಷ್ಟ್ರೇ?"

"ಏನೂ ಇಲ್ಲಮ್ಮಾ. ಮಗನ ಲ್ಯಾಪ್‌ಟಾಪಿಗೆ ಚುಚ್ಚಿದೆ. ಏನೋ ಕೇಳ್ತು. ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ. ಸರಿ ಅಂದೆ."

"ಅಯ್ಯೋ. ಫಾರ್ಮ್ಯಾಟ್ ಅಂದ್ರೆ..."

"ನಮೂನೆ ಅಲ್ವೇನಮ್ಮಾ? ಮೂವತ್ತು ವರ್ಷ ಬಿಇಓ ಆಫೀಸಿಗೆ ಅದನ್ನೇ ತುಂಬಿ ಕಳಿಸಿದ್ದೀನಿ. ನಿಗದಿತ ಫಾರ್ಮ್ಯಾಟಿನಲ್ಲಿ ಮಾಹಿತಿ ಸಲ್ಲಿಸಿ ಅಂತ. ಇದೂ ಎಲ್ಲಾ ನೀಟಾಗಿ ಜೋಡಿಸಿಕೊಡುತ್ತೇನೋ ಅಂದುಕೊಂಡೆ."

ನಾನು ನಗಬೇಕೋ ಅಳಬೇಕೋ. ಆದರೆ ಯೋಚಿಸಿ ನೋಡಿ, ಅವರು ಓದಿದ್ದರಲ್ಲಿ ಏನು ತಪ್ಪು? ಅವರ ಬದುಕಿನಲ್ಲಿ ಆ ಪದಕ್ಕೆ ಇದ್ದ ಅರ್ಥವೇ ಅದು. ಪರದೆ ಹೇಳಿದ್ದು, ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲಾ ಅಂತ. 'ಮಾಡಬೇಕು' ಅಂತ ಹೇಳುತ್ತಿದೆ, ಯಜಮಾನನ ಥರ. ಮಾಡಬೇಕು ಅಂದ ಮೇಲೆ ಮೇಷ್ಟ್ರು ಮಾಡಿದರು. ಆಮೇಲೆ ಇನ್ನೊಂದು ಚೌಕ ಬರುತ್ತದೆ, ಎಲ್ಲವೂ ಅಳಿಸಿಹೋಗುತ್ತದೆ ಅಂತ ಎಚ್ಚರಿಕೆ ಕೊಡುತ್ತದೆ. ಅದನ್ನು ಇಲ್ಲಿ ಹೇಳದೆ ಇದ್ದರೆ ಮೋಸ ಆಗುತ್ತದೆ. ಆದರೆ ಅದೂ ಇಂಗ್ಲಿಷ್. ಒಂದು ಸಲ ಸರಿ ಅಂದವರ ಕೈ ಎರಡನೆಯದಕ್ಕೂ ಅದೇ ಓಟದಲ್ಲಿ ಹೋಗುತ್ತದೆ.

ನಿಜ ಏನಿತ್ತು? ಪೆನ್‌ಡ್ರೈವನ್ನು ಎಜೆಕ್ಟ್ ಮಾಡದೆ ಕಿತ್ತಿದ್ದಾರೆ. ಒಳಗಿನ ಪಟ್ಟಿ, ಅಂದರೆ ಯಾವ ಫೈಲ್ ಎಲ್ಲಿದೆ ಅನ್ನುವ ಲೆಕ್ಕದ ಪುಸ್ತಕ, ಅಷ್ಟು ಕೆಟ್ಟಿದೆ. ಫೈಲುಗಳು ಹಾಗೇ ಇದ್ದವು. ಆ ಲ್ಯಾಪ್‌ಟಾಪಿಗೆ ಗೊತ್ತಿದ್ದದ್ದು ಒಂದೇ: ನನಗೆ ಇದನ್ನು ಓದಲು ಬರುತ್ತಿಲ್ಲ. ಅದನ್ನೇ ಹೇಳಬಹುದಿತ್ತು. ತನಗೆ ಓದಲು ಬರಲ್ಲ ಅನ್ನುವುದನ್ನು ಮುಚ್ಚಿಟ್ಟು, ಪುಸ್ತಕವನ್ನೇ ಸುಟ್ಟುಬಿಡಬೇಕು, ಸುಡಲಾ ಅಂತ ಕೇಳಿದೆ. ಯಾವ ಕಂಪನಿಯ ಸಿಸ್ಟಮ್ ಅಂತ ಹೆಸರು ಬೇಡ ಬಿಡಿ, ಮಗನ ಲ್ಯಾಪ್‌ಟಾಪ್, ಮನೆ ಜಗಳ ಆಗುತ್ತೆ.

ನಮ್ಮ ಅದೃಷ್ಟಕ್ಕೆ ಅದು ಕ್ವಿಕ್ ಫಾರ್ಮ್ಯಾಟ್. ಅದರಲ್ಲಿ ಲೆಕ್ಕದ ಪುಸ್ತಕ ಮಾತ್ರ ಹೊಸದಾಗುತ್ತದೆ, ಸಾಮಾನು ಗೋಡೌನಿನಲ್ಲೇ ಇರುತ್ತದೆ, ಮೇಲೆ ಹೊಸದೇನೂ ತುಂಬದೆ ಇದ್ದರೆ. ಫೋಟೋರೆಕ್ ಅನ್ನುವ ಉಚಿತ ಪ್ರೋಗ್ರಾಂ ಹಾಕಿದೆ. ಪರದೆ ನೋಡಿದರೆ ಡಾಸ್ ಕಾಲದ್ದು, ಆದರೆ ಕೆಲಸ ಚಿನ್ನ. ಸಂಜೆ ಹೊತ್ತಿಗೆ ಸಾವಿರಕ್ಕೂ ಹೆಚ್ಚು ಫೈಲು ಹೊರಗೆ ಬಂದವು. ಒಂದಕ್ಕೂ ಹೆಸರಿಲ್ಲ. ಎಫ್ ಅಂತ ಒಂದು ಅಕ್ಷರ, ಮುಂದೆ ಏಳು ಅಂಕಿ, ಅಷ್ಟೇ. ಈ ರೀತಿ ತೆಗೆದಾಗ ಹೆಸರು ಉಳಿಯುವುದಿಲ್ಲ. ಮೇಷ್ಟ್ರು ಮೂರು ದಿನ ಬಂದು ಒಂದೊಂದೇ ತೆಗೆಸಿ, "ಇದು ಮೂರನೇ ಅಧ್ಯಾಯ, ಇದು ಬೀಗರ ಮನೆ ಗೃಹಪ್ರವೇಶದ ಕಾರ್ಡು, ಇದು ಮೂರನೇ ಅಧ್ಯಾಯದ ಹಳೇದು" ಅಂತ ಗುರುತಿಸಿದರು. ಶಾಸನಗಳ ಪಾಠ ಇದ್ದ ಒಂದು ಅಧ್ಯಾಯ ಅರ್ಧ ಸಿಕ್ಕಲಿಲ್ಲ. ಅದನ್ನು ಮತ್ತೆ ಹೋಗಿ ಕಲ್ಲು ನೋಡಿ ಬರೆದುಕೊಂಡು ಬಂದರು. ನಾನು ಮುನ್ನೂರು ರೂಪಾಯಿ ಅಂದೆ. ಐನೂರು ಕೊಟ್ಟು, ಮೇಲೆ ಹತ್ತು ತೆಂಗಿನಕಾಯಿ ಇಳಿಸಿದರು.

ಆ ಚೌಕವನ್ನು ನಾನು ಬರೆದಿದ್ದರೆ ಹೀಗೆ ಬರೆಯುತ್ತಿದ್ದೆ: "ಈ ಪೆನ್‌ಡ್ರೈವಿನಲ್ಲಿ ಇರುವುದನ್ನು ನನಗೆ ಓದಲು ಆಗುತ್ತಿಲ್ಲ. ನಿಮ್ಮ ಫೈಲುಗಳು ಒಳಗೆ ಇರಬಹುದು. ತೆಗೆದು ಬೇರೆ ತೂತಿಗೆ, ಇಲ್ಲವೇ ಬೇರೆ ಕಂಪ್ಯೂಟರಿಗೆ ಹಾಕಿ ನೋಡಿ. ಇದು ಹೊಸದು, ಒಳಗೆ ಏನೂ ಇಲ್ಲ ಅಂತ ಗೊತ್ತಿದ್ದರೆ ಮಾತ್ರ ಅಳಿಸಿ." ಕೆಳಗೆ ಎರಡು ಬಟನ್. ದೊಡ್ಡದು 'ಬೇಡ, ತೆಗೆಯುತ್ತೇನೆ'. ಸಣ್ಣದು 'ಎಲ್ಲ ಅಳಿಸು'. ತೂತು ಅನ್ನುವ ಪದ ಕಂಪನಿಯವರು ಒಪ್ಪಲ್ಲ, ಗೊತ್ತು. ಆದರೆ ಪೋರ್ಟ್ ಅಂದರೆ ನಮ್ಮ ಕಡೆ ಮಂಗಳೂರು.

ಬೇರೆಯವರು ಹೇಗೆ? ಆಪಲ್ ಕಂಪನಿಯ ಮ್ಯಾಕ್ ನನ್ನ ಅಂಗಡಿಗೆ ಬರುವುದೇ ಅಪರೂಪ. ಓದಲಾಗದ ಡಿಸ್ಕ್ ಹಾಕಿದರೆ ಅದು ಹೇಳುವುದು ಈ ಕಂಪ್ಯೂಟರಿಗೆ ಇದನ್ನು ಓದಲು ಆಗಲಿಲ್ಲ ಅಂತ. ತಪ್ಪನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ಹೊರಗೆ ತೆಗೆಯುವ ಬಟನ್ನೂ ಕೊಡುತ್ತದೆ. ಪಕ್ಕದಲ್ಲೇ 'ಇನಿಶಿಯಲೈಸ್' ಅಂತ ಇನ್ನೊಂದು ಇಟ್ಟಿದ್ದಾರೆ, ಅದನ್ನು ಮೇಷ್ಟ್ರು ಏನಂತ ಓದುತ್ತಿದ್ದರೋ, ತಮ್ಮ ಇನಿಶಿಯಲ್ ಕೇಳುತ್ತಿದೆ ಅಂದುಕೊಳ್ಳುತ್ತಿದ್ದರೇನೋ. ಏಳು ಅಂಕ.

ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಇದೆಯಲ್ಲ, ಅವರದ್ದು ಬೇರೆಯೇ ಲೋಕ. ಒಂದು ಕಾಲದಲ್ಲಿ ಪ್ರಿಂಟರಿನ ತೊಂದರೆಗೆ 'ಆನ್ ಫೈರ್', ಬೆಂಕಿ ಬಿದ್ದಿದೆ ಅಂತ ಬರೆದಿಟ್ಟಿದ್ದ ಜನ. ಜೆರಾಕ್ಸ್ ಅಂಗಡಿಯವಳಿಗೆ ಅಂಥ ತಮಾಷೆ ಬೇಡಪ್ಪಾ. ಈಗ ಸುಧಾರಿಸಿದ್ದಾರೆ. 2024ರಲ್ಲಿ ಬಂದ 6.10 ಕರ್ನಲ್‌ನಿಂದ (ಕರ್ನಲ್ ಅಂದರೆ ಲಿನಕ್ಸಿನ ಒಳತಿರುಳು), ಪೂರ್ತಿ ಬಿದ್ದಾಗಲೂ ದಯವಿಟ್ಟು ರೀಬೂಟ್ ಮಾಡಿ ಅಂತ ಓದುವಂಥ ಪರದೆ ತೋರಿಸುವ ವ್ಯವಸ್ಥೆ ಬಂತು. ಅದೇ ವರ್ಷ 6.12ರಲ್ಲಿ ಕ್ಯೂಆರ್ ಕೋಡೂ ಸೇರಿತು, ಆ ಕ್ಯೂಆರ್ ಒಳಗೆ ನಿಜವಾಗಿ ಏನಾಯಿತು ಅನ್ನುವ ವಿವರವೇ ಇರುತ್ತದೆ. ಉಬುಂಟು ಅನ್ನುವ ಲಿನಕ್ಸಿನ ಟರ್ಮಿನಲ್ಲಿನಲ್ಲಿ, ಅಂದರೆ ಆಜ್ಞೆ ಟೈಪ್ ಮಾಡುವ ಕಿಟಕಿಯಲ್ಲಿ, ಇಲ್ಲದ ಪ್ರೋಗ್ರಾಂ ಹೆಸರು ಹೊಡೆದರೆ, ಅದು ಇಲ್ಲ, ಹಾಕಿಕೊಳ್ಳಲು ಇದನ್ನು ಟೈಪ್ ಮಾಡಿ ಅಂತ ಆಜ್ಞೆಯನ್ನೇ ಬರೆದುಕೊಡುತ್ತದೆ. ನಾನು ನೋಡಿದ ಒಳ್ಳೆಯ ಸಂದೇಶಗಳಲ್ಲಿ ಅದೊಂದು. ವಿಚಿತ್ರ ಅಂದರೆ ಅದು ಸಿಗುವುದು ಗೊತ್ತಿರುವವರೇ ಓಡಾಡುವ ಜಾಗದಲ್ಲಿ.

ಆದರೆ ಜನ ನಿಜವಾಗಿ ಓದಿ ಅರ್ಥ ಮಾಡಿಕೊಂಡ ಫೇಲ್ ಸಂದೇಶ ಯಾವುದು ಅಂದರೆ, ಯುಪಿಐದು. ದಿನಾ ನೋಡುತ್ತೇನೆ. ಹತ್ತು ರೂಪಾಯಿ ಹೋಗಿದೆ, ನನಗೆ ಬಂದಿಲ್ಲ. ಮೊದಮೊದಲು ಜಗಳ ಆಗುತ್ತಿತ್ತು. ಈಗ ಗಿರಾಕಿಯೇ ಹೇಳುತ್ತಾರೆ, "ವಾಪಸ್ ಬರುತ್ತಂತೆ ಬಿಡಕ್ಕಾ, ಇಲ್ಲಿ ಬರೆದಿದೆ" ಅಂತ. ದುಡ್ಡು ಕಟ್ ಆಗಿದ್ದರೆ ಇಷ್ಟು ದಿನದಲ್ಲಿ ಖಾತೆಗೆ ಬರುತ್ತದೆ ಅಂತ ಆ ಆ್ಯಪ್‌ಗಳು ಹೇಳುತ್ತವೆ. ಹಾಗೆ ಹೇಳುವ ಧೈರ್ಯದ ಹಿಂದೆ ಒಂದು ನಿಯಮವೂ ಇದೆ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಿತು: ಯುಪಿಐನಲ್ಲಿ ಒಬ್ಬರಿಗೊಬ್ಬರು ಕಳಿಸಿದ್ದು ಸೇರದೆ ಹೋದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟಿದ್ದಾದರೆ 5 ದಿನದೊಳಗೆ ವಾಪಸ್, ತಡವಾದರೆ ದಿನಕ್ಕೆ 100 ರೂಪಾಯಿ. ಹತ್ತು ರೂಪಾಯಿಯ ಜೆರಾಕ್ಸಿಗೆ ಇಷ್ಟು ಭರವಸೆ ಕೊಡಬಹುದು. ಎರಡು ವರ್ಷದ ಪುಸ್ತಕಕ್ಕೆ "ನಿಮ್ಮದು ಇದೆ, ಹೆದರಬೇಡಿ" ಅಂತ ಒಂದು ಸಾಲು ಕೊಡಲು ಆಗಲ್ವಾ?

ಕನ್ನಡ ಹಾಕಿಕೊಂಡರೆ ಆಗಲ್ವಾ ಅಂತ ಕೇಳುತ್ತೀರಿ. ಹಾಕಿಕೊಳ್ಳಬಹುದು, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಕನ್ನಡದ ಮುಖ ಇದೆ. ಮೆನು ಕನ್ನಡದಲ್ಲಿರುತ್ತದೆ, ಒಳಗೆ ಹೋದಹಾಗೆ ಅಲ್ಲಲ್ಲಿ ಇಂಗ್ಲಿಷ್ ಇಣುಕುತ್ತದೆ, ಅರ್ಧ ಸುಣ್ಣ ಬಳಿದ ಗೋಡೆ ಥರ. ನನ್ನ ತಕರಾರು ಇರುವುದು ಒಂದು ಪದದ ಮೇಲೆ. ಎರರ್ ಅನ್ನುವುದಕ್ಕೆ 'ದೋಷ' ಅಂತ ಹಾಕುತ್ತಾರೆ. ಪದಕೋಶದ ಪ್ರಕಾರ ಸರಿ. ಆದರೆ ನಮ್ಮ ಮನೆಗಳಲ್ಲಿ ದೋಷ ಅಂದರೆ ಕುಜದೋಷ, ಸರ್ಪದೋಷ. ಪಕ್ಕದ ಮನೆಯ ಅಜ್ಜಿ ಮೊಮ್ಮಗನ ಕಂಪ್ಯೂಟರಿನಲ್ಲಿ ಅದನ್ನು ಓದಿ, "ಅದಕ್ಕೂ ದೋಷ ಇದೆಯಂತೆ ಕಣೇ" ಅಂದರು. ಜ್ಯೋತಿಷಿ ವಾಸಿ. ಅವನು ದೋಷ ಹೇಳಿದ ಮೇಲೆ ಪರಿಹಾರ ಹೇಳದೆ ಕಳಿಸಲ್ಲ. ಎಷ್ಟು ಖರ್ಚಾಗುತ್ತೆ ಅಂತಲೂ ಹೇಳುತ್ತಾನೆ. 'ಆಗಲಿಲ್ಲ' ಅಂತ ಬರೆದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಪ್ರಿಂಟ್ ಆಗಲಿಲ್ಲ. ಸೇವ್ ಆಗಲಿಲ್ಲ. ಜಾಗ ಇಲ್ಲ. ಪೇಪರ್ ಸಿಕ್ಕಿಹಾಕಿಕೊಂಡಿದೆ. ನಾವು ಮಾತಾಡೋದೇ ಹಾಗೆ.

ಇನ್ನೊಂದು ಸಂದೇಶಕ್ಕೆ ಅಂಕವನ್ನೇ ಕೊಡಲ್ಲ. ಅಪ್‌ಡೇಟ್ ಆಗುವಾಗ 'ಕಂಪ್ಯೂಟರ್ ಆಫ್ ಮಾಡಬೇಡಿ' ಅಂತ ಬರುತ್ತಲ್ಲ, ಅದು. ನನಗೆ ಯಾಕೆ ಹೇಳುತ್ತೀಯಪ್ಪಾ, ಕರೆಂಟಿನವರಿಗೆ ಹೇಳು.

ಮೇಷ್ಟ್ರ ಪುಸ್ತಕ ಜಾತ್ರೆಗೆ ಬಂತು. ನಾನು ಅವರಿಗೆ ಕೊಟ್ಟ ಸಲಹೆ ಒಂದೇ: ಏನಾದರೂ ಪರದೆ ಮೇಲೆ ಬಂದರೆ ಏನೂ ಒತ್ತಬೇಡಿ, ಮೊದಲು ನನಗೆ ಫೋನ್ ಮಾಡಿ. ಅವರು ಅದನ್ನು ಶಾಸನದಂತೆ ಪಾಲಿಸುತ್ತಿದ್ದಾರೆ. ಮೊನ್ನೆ ರಾತ್ರಿ ಎಂಟೂವರೆಗೆ ಫೋನ್ ಬಂತು.

"ಅಮ್ಮಾ, ಏನೋ ಬಂದಿದೆ. ನಾನು ಏನೂ ಮುಟ್ಟಿಲ್ಲ. ಕೈ ಕಟ್ಟಿಕೊಂಡು ಕೂತಿದ್ದೀನಿ."

"ಒಳ್ಳೇದು ಮೇಷ್ಟ್ರೇ. ನಿಧಾನಕ್ಕೆ ಓದಿ ಹೇಳಿ."

ಅವರು ಕನ್ನಡಕ ಹುಡುಕಿದರು. ಸಿಕ್ಕಿತು. ಒರೆಸಿಕೊಂಡರು. ಪಾಠ ಓದಿಸುವ ಹಾಗೆ ಒಂದೊಂದೇ ಪದ ಬಿಡಿಸಿ ಓದಲು ಶುರು ಮಾಡಿದರು. "ಯುವರ್... ಬ್ಯಾಟರಿ... ಈಸ್... ರನ್ನಿಂಗ್... ಲೋ. ಯೂ... ಮೈಟ್... ವಾಂಟ್... ಟು... ಪ್ಲಗ್..."

"ಮೇಷ್ಟ್ರೇ, ಚಾರ್ಜರ್! ಚಾರ್ಜರ್ ಹಾಕಿ ಬೇಗ!"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ತುಂಬಾ ಶಾಂತವಾಗಿ ಅಂದರು, "ಆಫ್ ಆಯ್ತಮ್ಮಾ."